ವೈಫೈಗೂ ಒಂದು ಹದವಿದೆ



ಷಿಕಾಗೊ ಮತ್ತು ಡೆಟ್ರಾಯಿಟ್ ಪ್ರದೇಶಗಳಲ್ಲಿ ಕನ್ನಡಿಗರು ಏರ್ಪಡಿಸುವ ಆರೋಗ್ಯ ಶಿಬಿರಗಳಲ್ಲಿ ಸ್ವಯಂಸೇವಕ ವೈದ್ಯನಾಗಿ ಪಾಲ್ಗೊಳ್ಳುವ ಅವಕಾಶ ನನಗೆ ಆಗಾಗ ಒದಗುತ್ತದೆ. ಅಲ್ಲಿ ರಕ್ತದೊತ್ತಡ, ಸಕ್ಕರೆಯ ಪ್ರಮಾಣಗಳನ್ನು ಟ್ಯಾಬ್ಲೆಟ್‌ನಲ್ಲಿ ದಾಖಲಿಸುತ್ತೇವೆ. ಮಕ್ಕಳ ಮನೆಗೆ ಬಂದಿರುವ ಹಿರಿಯರಿಗೆ ತಮ್ಮ ಮಾತ್ರೆಯ ಹೆಸರು ನೆನಪಾಗದಿದ್ದರೆ ಊರಿಗೆ ವಾಟ್ಸ್‌ಆ್ಯಪ್ ಕರೆ ಮಾಡಿ ವಿಚಾರಿಸುತ್ತೇವೆ. ಇವೆರಡಕ್ಕೂ ವೈಫೈ ಬೇಕು.

ಡೆಟ್ರಾಯಿಟ್ ಸಮೀಪದ ಸಭಾಂಗಣವೊಂದರಲ್ಲಿ ಹಿರಿಯರೊಬ್ಬರು ಮಂಡಿನೋವಿಗೆ ಮಾತ್ರೆ ಕೇಳಿದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿಯನ್ನು ಅವರು ಸೇವಿಸುತ್ತಿರುವರೇ ಎಂಬುದು ಮೊದಲು ತಿಳಿಯಬೇಕಿತ್ತು. ಅದರೊಡನೆ ಕೆಲವು ನೋವಿನ ಮಾತ್ರೆಗಳು ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಫೋನಿನಲ್ಲಿ ಸಿಗ್ನಲ್ ಪೂರ್ಣವಾಗಿತ್ತು, ಆದರೂ ಮೈಸೂರಿಗೆ ಮಾಡಿದ ಕರೆ ಮತ್ತೆ ಮತ್ತೆ ಕಡಿದುಹೋಯಿತು.

ನೆಟ್‌ವರ್ಕ್ ಇಂಜಿನಿಯರ್ ಆಗಿರುವ ನಮ್ಮ ಸ್ವಯಂಸೇವಕರೊಬ್ಬರು ಪರಿಶೀಲಿಸಿದರು. ಸಭಾಂಗಣದ ನಾಲ್ಕೂ ಆಕ್ಸೆಸ್ ಪಾಯಿಂಟ್‌ಗಳ ಪ್ರಸರಣ ಶಕ್ತಿಯನ್ನು ಗರಿಷ್ಠ ಮಟ್ಟದಲ್ಲಿ ಇರಿಸಲಾಗಿತ್ತು. ಅವರು ಅದನ್ನು ತಗ್ಗಿಸಿದಾಗ ನನಗೆ ಅಚ್ಚರಿಯಾಯಿತು. ಅವರು ವಿವರಿಸಿದರು: “ಡಾಕ್ಟ್ರೇ, ಇದು ಎರಡು ಕಡೆಯ ಮಾತುಕತೆ. ಪೆಟ್ಟಿಗೆ ಎಷ್ಟೇ ಜೋರಾಗಿ ಕೂಗಿದರೂ ಫೋನಿನ ದನಿ ಸಣ್ಣದೇ. ಫೋನಿಗೆ ಕೇಳಿಸುತ್ತದೆ, ಗೆರೆಗಳು ತುಂಬುತ್ತವೆ. ಪೆಟ್ಟಿಗೆಗೆ ಮಾತ್ರ ಫೋನಿನ ಉತ್ತರ ಕೇಳಿಸದು.”

ಇನ್ನೂ ಎರಡು ತೊಡಕುಗಳಿದ್ದವು. ದೂರದ ಪೆಟ್ಟಿಗೆಯ ದನಿ ಜೋರಾಗಿರುವ ತನಕ ಫೋನು ಅದಕ್ಕೇ ಅಂಟಿಕೊಂಡಿರುತ್ತದೆ, ಪಕ್ಕದ ಪೆಟ್ಟಿಗೆಗೆ ಬದಲಾಗುವುದಿಲ್ಲ. ಅಲ್ಲದೆ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಇಲ್ಲಿ ಮೂರೇ: 1, 6 ಮತ್ತು 11. ಪೆಟ್ಟಿಗೆಗಳು ನಾಲ್ಕಾದರೆ ಎರಡು ಒಂದೇ ಚಾನೆಲ್ ಹಂಚಿಕೊಳ್ಳಬೇಕು. ಒಂದು ಮಾತನಾಡುವಾಗ ಇನ್ನೊಂದು ಕಾಯಬೇಕು.

ಅವರು 20 ಡಿಬಿಎಂ ಇದ್ದುದನ್ನು 14ಕ್ಕೆ ಇಳಿಸಿದರು. 3 ಡೆಸಿಬಲ್ ಇಳಿದರೆ ಶಕ್ತಿ ಅರ್ಧವಾಗುತ್ತದೆ. ಅಂದರೆ 100 ಮಿಲಿವ್ಯಾಟ್ 25ಕ್ಕೆ ಬಂದಿತು. ಫೋನು ಹತ್ತಿರದ ಪೆಟ್ಟಿಗೆಗೆ ಸೇರಿತು, ಕರೆ ನಿಂತಿತು, ಸೊಸೆ ಮಾತ್ರೆಯ ಹೆಸರನ್ನು ಓದಿ ಹೇಳಿದರು. ಅದು ವಾರ್ಫರಿನ್! ನೋವಿಗೆ ಬೇರೆ ದಾರಿ ಸೂಚಿಸಿದೆ.

ಎಂಬಿಬಿಎಸ್ ಓದುವಾಗ ಔಷಧಶಾಸ್ತ್ರದಲ್ಲಿ ಕಲಿತದ್ದು ನೆನಪಾಯಿತು: ಡೋಸ್ ಹೆಚ್ಚಿಸಿದ ಮಾತ್ರಕ್ಕೆ ಗುಣ ಹೆಚ್ಚುವುದಿಲ್ಲ. ಹಾಗೆಂದು ಎಲ್ಲೆಡೆ ತಗ್ಗಿಸುವುದೂ ಸಲ್ಲದು. ಮನೆಯಲ್ಲಿ ಒಂದೇ ರೌಟರ್ ಇದ್ದರೆ ತಗ್ಗಿಸಿದಷ್ಟೂ ಮೂಲೆಯ ಕೋಣೆಗೆ ಸಿಗ್ನಲ್ ಸಿಗದು. ಬೇಸ್‌ಮೆಂಟಿನಲ್ಲಿ ಹಿರಿಯರ ಕೋಣೆಯಿದ್ದರೆ ಅಲ್ಲಿಗೆ ಇನ್ನೊಂದು ಆಕ್ಸೆಸ್ ಪಾಯಿಂಟ್ ಹಾಕಿಸುವುದೇ ಲೇಸು. ಮನುಷ್ಯರ ಮೈಯಲ್ಲಿರುವ ನೀರು ಈ ಅಲೆಗಳನ್ನು ಹೀರುವುದರಿಂದ, ಖಾಲಿ ಸಭಾಂಗಣದಲ್ಲಿ ಮಾಡಿದ ಪರೀಕ್ಷೆಯನ್ನಷ್ಟೇ ನಂಬಬಾರದು. ಜನ ತುಂಬಿದ ಮೇಲೂ ನೋಡಬೇಕು.

ಕೊನೆಯದಾಗಿ ವೈದ್ಯನ ವಿನಂತಿಯೊಂದು. ಮನೆಯ ಹಿರಿಯರು ಸೇವಿಸುವ ಮಾತ್ರೆಗಳ ಪಟ್ಟಿಯನ್ನು ಕಾಗದದಲ್ಲಿ ಬರೆದು ಅವರ ಕೈಚೀಲದಲ್ಲಿ ಇರಿಸಿ. ಆ ಕಾಗದಕ್ಕೆ ಯಾವ ಸಿಗ್ನಲ್ಲೂ ಬೇಕಿಲ್ಲ.