ಬಚ್ಚಲುಮನೆಯ ಕುಟ್ಟಿಮ

ಕಲ್ಲು ಹಾಸಿ ಬಿಗಿಗೊಳಿಸಿದ ನೆಲಕ್ಕೆ ಸಂಸ್ಕೃತದಲ್ಲಿ 'ಕುಟ್ಟಿಮ'ವೆಂದು ಹೆಸರು. ಮೂವತ್ತು ವರುಷಗಳಿಗೂ ಮಿಕ್ಕಿ ಈ ಶಬ್ದದ ಅರ್ಥವನ್ನು ಹುಡುಗರಿಗೆ ಹೇಳಿಕೊಟ್ಟ ನಾನು ಅದನ್ನು ಸರಿಯಾಗಿ ಅರಿತುಕೊಂಡದ್ದು ನಿವೃತ್ತನಾದ ಮೇಲೆ, ಬಂಕಾಪುರದ ನಮ್ಮ ಮನೆಯ ಬಚ್ಚಲಿನಲ್ಲಿ.

ಹಳೆಯ ಬಚ್ಚಲಿಗೆ ಶಹಾಬಾದದ ಫರಸಿ ಹಾಸಿತ್ತು. ಬಣ್ಣವಿಲ್ಲ, ಹೊಳಪಿಲ್ಲ. ಸೇವೆಯಿಂದ ಬಿಡುಗಡೆಯಾದಾಗ ಬಂದ ಹಣದಲ್ಲಿ ಒಂದಿಷ್ಟನ್ನು ವೆಚ್ಚಮಾಡಿ ಅದನ್ನು ಅಂದಗೊಳಿಸಬೇಕೆಂಬ ಆಸೆ ನನಗೆ ಹುಟ್ಟಿತು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಕಮಲದ ಚಿತ್ರವಿದ್ದ ನುಣುಪಾದ ಟೈಲ್ಸು ಕಣ್ಣಿಗೆ ಬಿದ್ದವು. ನಮ್ಮೂರ ಕೋಟೆಯೊಳಗಿನ ನಗರೇಶ್ವರ ಗುಡಿಯನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಅಲ್ಲಿಯ ಕಂಬಗಳನ್ನು ಚಾಲುಕ್ಯರ ಕಾಲದ ಶಿಲ್ಪಿಗಳು ತಿರುಗಣೆಗೆ ಹಿಡಿದು, ಉಜ್ಜಿ, ಹೊಳೆಯಿಸಿದ್ದಾರೆ. ಆ ಹೊಳಪನ್ನೇ ಮನೆಗೆ ತಂದೆನೆಂದು ಹಿಗ್ಗಿದೆನು. ಕಂಬದ ಮೇಲೆ ಯಾರೂ ಕಾಲಿಡುವದಿಲ್ಲವೆಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ಗವಂಡಿ ನನ್ನ ಹಳೆಯ ವಿದ್ಯಾರ್ಥಿ. ಅವನು ಪೆಟ್ಟಿಗೆ ಬಿಚ್ಚಿ, ಟೈಲಿನ ಮೇಲೆ ನೀರು ಚಿಮುಕಿಸಿ, ಹೆಬ್ಬೆರಳಿನಿಂದ ಉಜ್ಜಿ ನೋಡಿ, "ಸರ, ಇವು ಗ್ವಾಡಿಗೆ ಛಂದ. ನೆಲಕ್ಕ ಬ್ಯಾಡ್ರಿ; ಮನ್ಯಾಗ ಅವ್ವಾರು ಅದಾರ" ಎಂದನು.

"ಅದನ್ನ ನಾ ನೋಡ್ಕೋತೀನಿ, ನೀ ಹಾಸು" ಎಂದೆನು. ಗುರುವಿನ ಮಾತನ್ನು ಮೀರುವದು ಅವನಿಂದಾಗಲಿಲ್ಲ.

ಕೆಲಸದಲ್ಲಿ ಅವನು ಕುಂದು ಮಾಡಲಿಲ್ಲ. ಎಂಟು ಅಡಿಗೆ ಒಂದು ಅಂಗುಲದಂತೆ ಮೋರಿಯ ಕಡೆಗೆ ಇಳಿಜಾರು ಕೊಟ್ಟನು. ಒಣಗಿದ ಮೇಲೆ ನಾಣ್ಯದಿಂದ ತಟ್ಟಿ, ಟೊಳ್ಳು ಸಪ್ಪಳ ಬಂದುದನ್ನು ಕಿತ್ತು ಮತ್ತೆ ಕೂಡಿಸಿದನು. ಬಂದವರಿಗೆಲ್ಲ ನಾನು ಬಚ್ಚಲನ್ನು ತೋರಿಸಿದ್ದೇ ತೋರಿಸಿದ್ದು!

ನಮ್ಮ ಅವ್ವನಿಗೆ 85 ವರುಷ, ಕಣ್ಣು ಮಂದ. ಹತ್ತು ದಿನಗಳ ಮೇಲೆ, ನಸುಕಿನಲ್ಲಿ ಆಕೆ ಹಿತ್ತಲಿನ ಅರಿವೆ ಒಗೆಯುವ ಕಲ್ಲಿನ ಮೇಲೆ ಕುಳಿತು, ಚಳಿಯಲ್ಲಿ ನಡುಗುತ್ತ, ಮೈಮೇಲೆ ತಂಬಿಗೆಯಿಂದ ನೀರು ಹಾಕಿಕೊಳ್ಳುತ್ತಿರುವದನ್ನು ನನ್ನ ಮನೆಯಾಕೆ ಕಂಡಳು. ಮುಂಗೈ ಬಾತಿತ್ತು. ಮೂರನೆಯ ದಿನವೇ ಬಚ್ಚಲಲ್ಲಿ ಕಾಲು ಜಾರಿ, ಹಂಡೆಯ ಕಂಠ ಹಿಡಿದು ಉಳಿದುಕೊಂಡಿದ್ದಳಂತೆ.

"ನನಗ್ಯಾಕ ಹೇಳಲಿಲ್ಲವ್ವಾ?" ಎಂದೆನು.

"ನೀ ಅಷ್ಟು ಹೌಸಿಲೆ ಮಾಡಿಸಿದ್ದೆಲ್ಲೋ!"

ಮಯನು ಕಟ್ಟಿದ ಸಭೆಯಲ್ಲಿ ದುರ್ಯೋಧನನು ಸ್ಫಟಿಕದ ನೆಲವನ್ನು ನೀರೆಂದು ಬಗೆದನು. ನೀರನ್ನು ನೆಲವೆಂದು ಬಗೆದು ಬಿದ್ದನು. ಈ ಪಾಠ ಹೇಳುವಾಗ ಹುಡುಗರೊಡನೆ ನಾನೂ ನಕ್ಕವನು. ನೀರಾವುದು ನೆಲವಾವುದು ತಿಳಿಯದ ಅಂಥದೇ ಸಭೆಯನ್ನು ನಾನು ಹೆತ್ತ ತಾಯಿಗೆ ಕಟ್ಟಿಸಿಕೊಟ್ಟಿದ್ದೆನು. ಆ ದಿನ ನಗು ಬರಲಿಲ್ಲ.

ಗವಂಡಿಯನ್ನು ಕರೆಯಿಸಿ, "ತಪ್ಪು ನಂದು" ಎಂದು ಒಪ್ಪಿಕೊಂಡೆನು. ಅವನು ಕಾರಣವನ್ನು ತಿಳಿಯಹೇಳಿದನು. ಶಹಾಬಾದದ ಕಲ್ಲು ಪದರುಪದರಾಗಿ ಬಿಡುವದು. ಉಜ್ಜದಿದ್ದರೆ ಅದರ ಮೈ ತರಿತರಿಯಾಗಿದ್ದು ಪಾದವನ್ನು ಹಿಡಿಯುವದು. ಗಾಜಿನಂಥ ಟೈಲಿನ ಮೇಲಾದರೋ ಸಾಬೂನಿನ ನೀರು ತೆಳುವಾಗಿ ನಿಂತು ಪಾದಕ್ಕೂ ನೆಲಕ್ಕೂ ಸಂಬಂಧವನ್ನೇ ತಪ್ಪಿಸುವದು. ಈ ಸಲ ಅಂಗೈಯಗಲದ, ಒರಟು ಮೈಯ, ಕಂದು ಬಣ್ಣದ ಟೈಲ್ಸು ಹಾಸಿದನು. ಸಣ್ಣವಾದಷ್ಟೂ ಸಂದು ಹೆಚ್ಚು, ಸಂದು ಹೆಚ್ಚಾದಷ್ಟೂ ಹಿಡಿತ ಹೆಚ್ಚು. ಗೋಡೆಗೊಂದು ಹಿಡಿಕೆಯನ್ನೂ ಕೂಡಿಸಿದನು. ಪೆಟ್ಟಿಗೆಯಲ್ಲಿ ಉಳಿದಿದ್ದ ಕಮಲಗಳು ಅವನು ಮೊದಲೇ ಹೇಳಿದ್ದ ಸ್ಥಳವಾದ ಗೋಡೆಯನ್ನೇರಿದವು.

ಅವ್ವ ಹೊಸ್ತಿಲಲ್ಲಿ ನಿಂತು, ಒಂದು ಕಾಲನ್ನು ಒಳಗೆ ಚಾಚಿ, ನೆಲವನ್ನು ಮೆಲ್ಲನೆ ಸವರಿ ನೋಡಿದಳು. ಬಳಿಕ ನನ್ನ ಕೈ ಬಿಟ್ಟು ಒಳಗೆ ಹೋದಳು.

"ಈಗ ನೆಲ ಕಾಲು ಹಿಡೀತದ ನೋಡು" ಎಂದಳು.

ಬಚ್ಚಲು ಕಟ್ಟಿಸುವ ಗೃಹಸ್ಥರಿಗೆ ನಾನು ಹೇಳುವದಿಷ್ಟೇ: ಟೈಲ್ಸನ್ನು ಅಂಗಡಿಯ ದೀಪದಲ್ಲಿ ನೋಡಿ ಕೊಳ್ಳಬೇಡಿರಿ. ಒಂದನ್ನು ಮನೆಗೆ ತಂದು, ನೀರು ಸುರುವಿ, ಮನೆಯ ಹಿರಿಯರ ಪಾದವನ್ನು ಮೊದಲು ಕೇಳಿರಿ.