ಡಿಶ್ಶಿಗೆ ಅಡ್ಡ ಬಂದ ಕೊಂಬೆ

ಈ ವಾರ ನಮ್ಮಲ್ಲಿ ಮರಗಸಿ. ಮಳೆ ಹಿಡಿಯೋದ್ರೊಳಗೆ ಮುಗಿಸಬೇಕು ಅಂತ ಆಲೂರು ಕಡೆಯಿಂದ ಮೂರು ಜನ ಬಂದಿದ್ದಾರೆ. ಮನೆ ಹಿಂದಿನ ದೊಡ್ಡ ಸಿಲ್ವರ್ ಮರಕ್ಕೆ ಹತ್ತಿದವನು ಮೇಲಿಂದ ಕೂಗಿದ, "ಅಣ್ಣಾ, ಯಾವ್ ಕೊಂಬೆ ತೆಗೀಲಿ?" ಬಳ್ಳಿ ಮೆಣಸು ನೆತ್ತಿವರೆಗೂ ಹಬ್ಬಿದೆ, ಸುಮ್ನೆ ಕತ್ತಿ ಬೀಸೋ ಹಾಗಿಲ್ಲ. "ಡಿಶ್ಶಿಗೆ ಅಡ್ಡ ಇರೋದು ಮಾತ್ರ ತೆಗಿ ಮಾರಾಯ" ಅಂದೆ. ಅವನು ಡಿಶ್ ಮುಖ ಮಾಡಿದ ಕಡೆ ನೋಡಿ ನೇರ ಎದುರಿಗಿದ್ದ ಕೊಂಬೆಗೆ ಕತ್ತಿ ಎತ್ತಿದ. ನಾನು ಕೂಗಿ ನಿಲ್ಲಿಸಿದೆ.

ಎಲ್ಲರೂ ಮಾಡೋ ತಪ್ಪೇ ಇದು, ಅದಕ್ಕೆ ಬರೀತಿದೀನಿ. ಎರಡಡಿ ಡಿಶ್ ನೋಡಿದ್ರೆ ಎದುರಿನ ಗುಡ್ಡದ ನೆತ್ತಿಗೆ ಗುರಿ ಇಟ್ಟ ಹಾಗೆ ಕಾಣುತ್ತೆ. ನಿಜಕ್ಕೂ ಅದು ನೋಡೋದು ಅದಕ್ಕಿಂತ ಎಷ್ಟೋ ಮೇಲೆ. ಸಿಗ್ನಲ್ ಮೇಲಿಂದ ಓರೆಯಾಗಿ ಬಂದು ತಟ್ಟೆಗೆ ಬಡಿದು, ಕೆಳಗೆ ಕಡ್ಡಿ ತುದಿಯಲ್ಲಿರೋ ಎಲ್‌ಎನ್‌ಬಿಗೆ ಸೇರುತ್ತೆ. ಸಕಲೇಶಪುರದಲ್ಲಿ ನಿಂತು 93.5 ಡಿಗ್ರಿಯ ಉಪಗ್ರಹ ನೋಡಬೇಕು ಅಂದ್ರೆ ಆಗ್ನೇಯಕ್ಕೆ ತಿರುಗಿ 64 ಡಿಗ್ರಿ ಕತ್ತೆತ್ತಬೇಕು. ಟೋಪಿ ಬೀಳುತ್ತೆ. ಹಾಗಾಗಿ ಅಡ್ಡ ಬರೋದು ಎದುರಿನ ಮರ ಅಲ್ಲ, ಡಿಶ್ಶಿನ ತಲೆ ಮೇಲೆ ಬಾಗಿರೋ ಕೊಂಬೆ. ಎಷ್ಟು ಜನ ಒಳ್ಳೇ ಮರ ಕಡಿದು ಆಮೇಲೂ ಟಿವಿ ಬರಲಿಲ್ಲ ಅಂತ ಬೈದುಕೊಂಡಿದ್ದಾರೋ.

ನಮ್ಮದು ಗುಡ್ಡದ ಸಂದಿನ ಊರು. ಟವರಿನ ಸಿಗ್ನಲ್ ನೆಲದ ಮೇಲೆ ಅಡ್ಡಕ್ಕೆ ಬರುತ್ತೆ, ಗುಡ್ಡ ಸಿಕ್ಕಿದ್ರೆ ಅಲ್ಲೇ ನಿಲ್ಲುತ್ತೆ. ಹಾಗಾಗಿ ದೂರದರ್ಶನ ನಮಗೆ ದೂರವೇ. ಅಡಿಕೆ ಮರದ ತುದಿಗೆ ಆಂಟೆನಾ ಕಟ್ಟಿದ್ರೂ ಬರ್ತಿದ್ದದ್ದು ಅಕ್ಕಿ ಕಾಳು ಎರಚಿದ ಹಾಗೆ ಚುಕ್ಕೆ. ತಮಾಷೆ ಅಂದ್ರೆ ದೇಶದ ಇನ್ಸಾಟ್ ಉಪಗ್ರಹಗಳನ್ನ ಹಿಡಿದು ನಡೆಸೋ ಇಸ್ರೋ ಕೇಂದ್ರ ಎಂಸಿಎಫ್ ಇರೋದು ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲೇ, 1982ರಿಂದ. ಹಾಸನಕ್ಕೆ ಹೋದಾಗ ಬಸ್ಸಿನಿಂದ ಆ ದೊಡ್ಡ ದೊಡ್ಡ ಬಿಳಿ ತಟ್ಟೆಗಳನ್ನ ನೋಡಿ ವಾಪಸ್ ಬಂದು ನಾವು ರೇಡಿಯೋ ಕೇಳ್ತಿದ್ವಿ.

ಆಕಾಶದಿಂದ ಟಿವಿ ಮೊದಲು ಬಂದದ್ದು ಪಕ್ಕದ ಎಸ್ಟೇಟಿನ ಬಂಗಲೆಗೆ. ಜಾಲರಿಯ ಡಿಶ್, ಒಂದು ಕೋಣೆ ಅಗಲ, ಕಾಂಕ್ರೀಟ್ ಕಟ್ಟೆ ಮೇಲೆ ಕೂರಿಸಿದ್ರು. ಬರ್ತಿದ್ದದ್ದು ಸ್ಟಾರ್ ಟಿವಿ, ಹಾಂಗ್‌ಕಾಂಗಿನದು, ಏಷ್ಯಾಸ್ಯಾಟ್-1 ಅನ್ನೋ ಉಪಗ್ರಹದಿಂದ. ಅದರ ಕಥೆ ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ವೆಸ್ಟಾರ್-6 ಅನ್ನೋ ಹೆಸರಲ್ಲಿ 1984ರ ಫೆಬ್ರವರಿಯಲ್ಲಿ ಅಮೆರಿಕದವರು ಹಾರಿಸಿದ್ದು, ಮೋಟರ್ ಕೈಕೊಟ್ಟು ತಪ್ಪು ಕಕ್ಷೆಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅದೇ ನವೆಂಬರಲ್ಲಿ ಡಿಸ್ಕವರಿ ನೌಕೆಯವರು ಹೋಗಿ ಕೈಯಲ್ಲಿ ಹಿಡಿದು ಭೂಮಿಗೆ ವಾಪಸ್ ತಂದ್ರು. ರಿಪೇರಿ ಮಾಡಿ, ಬೇರೆಯವರಿಗೆ ಮಾರಿ, 1990ರ ಏಪ್ರಿಲಲ್ಲಿ ಚೀನಾದ ರಾಕೆಟ್ಟಲ್ಲಿ ಮತ್ತೆ ಕಳಿಸಿದ್ರು. ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಜೀಪ್ ಓಡಿಸ್ತೀವಲ್ಲ, ಹಾಗೆ. ಅದು ಪೂರ್ವಕ್ಕೆ, 52 ಡಿಗ್ರಿ ಮೇಲೆ. ಗುಡ್ಡಕ್ಕೆ ಅದನ್ನ ತಡೆಯೋಕೆ ಆಗಲಿಲ್ಲ.

ಬಂಗಲೆ ಒಳಗೆ ನಮಗೆ ಪ್ರವೇಶ ಇಲ್ಲ. ಆದ್ರೆ ಅಲ್ಲಿಂದ ರೈಟರ್ರ ಮನೆಗೆ ಒಂದು ಕೇಬಲ್ ಎಳೆದಿದ್ರು. ಸಾಹುಕಾರ್ರು ಏನು ಹಾಕ್ತಾರೋ ಅದೇ ಇಲ್ಲೂ. ನಾನು ಹೋಗ್ತಿದ್ದದ್ದು ಕುಸ್ತಿ ನೋಡೋಕೆ. ಅಪ್ಪ ಖಡಾಖಂಡಿತ ಹೇಳಿದ್ದ, "ಇನ್ನೊಬ್ಬರ ಜಗಲಿ ಮೇಲೆ ಕುಂತು ಟಿವಿ ನೋಡೋದು ನನ್ನ ಮನೆಯೋರ ಕೆಲ್ಸ ಅಲ್ಲ." ಹಾಗಾಗಿ ಟ್ಯೂಷನ್ ಅಂತ ಹೇಳಿ ಹೋಗ್ತಿದ್ದೆ.

1994, ಜೂನ್ ಕೊನೆ. ನನಗೆ ಹದಿನಾಲ್ಕು. ಜೋರು ಮಳೆ, ಕರೆಂಟಿಲ್ಲ, ಬಂಗಲೆ ಜನರೇಟರ್ ಓಡ್ತಿತ್ತು. ಆ ದೊಡ್ಡ ಡಿಶ್ಶಿಗೆ ಮಳೆ ಲೆಕ್ಕಕ್ಕೇ ಇರಲಿಲ್ಲ, ಅದು ಸಿ ಬ್ಯಾಂಡ್, ಅಲೆ ಉದ್ದ. ಈಗಿನ ಸಣ್ಣ ಡಿಶ್ಶಿನ ಕೆಯು ಬ್ಯಾಂಡ್ ಅಲೆ ಎರಡೂವರೆ ಸೆಂಟಿಮೀಟರ್, ಮಳೆ ಹನಿಗೇ ಸೋತುಹೋಗುತ್ತೆ. ಇರಲಿ. ಅವತ್ತು ಸಾಹುಕಾರ್ರು ಕುಸ್ತಿ ಹಾಕಲಿಲ್ಲ, ಬಿಬಿಸಿ ಹಾಕಿದ್ರು. ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೆ. ಆದ್ರೆ ತೋರಿಸ್ತಿದ್ದದ್ದು ಕಾಫಿ ತೋಟ. ಸಾಲು ಸಾಲು ಗಿಡ, ಮೇಲೆ ಒಂದೂ ನೆರಳಿನ ಮರ ಇಲ್ಲ, ಎಲೆ ಎಲ್ಲ ಸುಣ್ಣ ಸುಟ್ಟ ಹಾಗೆ ಕಪ್ಪು. ಬ್ರೆಜಿಲ್, ಕಾಫಿ, ಫ್ರಾಸ್ಟ್. ಮೂರು ಮಾತು ತಿಳೀತು. ರೈಟರ್ರು ತಮ್ಮಷ್ಟಕ್ಕೆ ಅಂದ್ರು, "ಇನ್ನು ರೇಟು ಹಾರುತ್ತೆ."

ಆಗಷ್ಟೇ ಕಾಫಿ ಬೋರ್ಡಿನ ಹಿಡಿತ ಸಡಿಲ ಆಗ್ತಿದ್ದ ಕಾಲ. ಮೊದಲು ಬೆಳೆ ಪೂರ್ತಿ ಬೋರ್ಡಿನ ಪೂಲಿಗೆ ಕೊಟ್ಟು ವರ್ಷಗಟ್ಟಲೆ ಕಂತಿನಲ್ಲಿ ದುಡ್ಡು ಕಾಯಬೇಕಿತ್ತು. ಫ್ರೀ ಸೇಲ್ ಕೋಟಾ ಬಂದಮೇಲೆ ಒಂದು ಪಾಲು ನಾವೇ ಮಾರಬಹುದಾಗಿತ್ತು. ಅಪ್ಪ ಅದನ್ನ ಚೆರ್ರಿ ಮಾಡಿ ಉಗ್ರಾಣದಲ್ಲಿ ಇಟ್ಟಿದ್ದ. ಮಾರೋ ಹಕ್ಕು ಬಂದಿತ್ತು, ರೇಟು ಏನು ಅಂತ ತಿಳಿಯೋ ದಾರಿ ಮಾತ್ರ ಇರಲಿಲ್ಲ. ವ್ಯಾಪಾರಿ ಹೇಳಿದ್ದೇ ರೇಟು.

ಮಾರನೇ ದಿನ ಬೆಳಿಗ್ಗೆ ವ್ಯಾಪಾರಿ ಬಂದ್ರು. ಮಳೆಯಲ್ಲಿ, ಕೆಸರಲ್ಲಿ, ಕರೆಯದೇ. ಹಿಂದಿನ ವಾರಕ್ಕಿಂತ ಮೂಟೆಗೆ ಒಂದಿಷ್ಟು ಹೆಚ್ಚು ಕೊಡ್ತೀನಿ ಅಂದ್ರು. ಅಪ್ಪನ ಮುಖ ಅರಳಿತು. ನಾನು ಬಾಗಿಲ ಹತ್ರ ನಿಂತಿದ್ದೆ. ಬಾಯಿ ತೆರೆದ್ರೆ ಎಲ್ಲಿ ನೋಡಿದೆ ಅಂತ ಕೇಳ್ತಾನೆ. ಟ್ಯೂಷನ್ ಸುಳ್ಳು ಬಯಲಾಗುತ್ತೆ. ಸಾಹುಕಾರ್ರ ಕೇಬಲ್ ಕದ್ದು ನೋಡಿದ ಮಗ ಅಂತ ಆಗುತ್ತೆ. ತೂಕ ಆಯ್ತು, ಎತ್ತಿ ಹಾಕಿದ್ರು, ಗಾಡಿ ಹೋಯ್ತು. ನಾನು ಒಂದು ಮೂಟೆಗೆ ಕೈ ಕೂಡ ಕೊಟ್ಟೆ.

ಜುಲೈ ಎರಡನೇ ವಾರ ಬ್ರೆಜಿಲ್ಲಲ್ಲಿ ಇನ್ನೊಂದು ಸಲ ಹಿಮ ಬಿತ್ತು. ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಕಾಫಿ ರೇಟು ಮೂರು ವಾರದೊಳಗೆ ಹತ್ತಿರ ಹತ್ತಿರ ಎರಡರಷ್ಟು. ಸಕಲೇಶಪುರದ ಹೋಟೆಲಲ್ಲೆಲ್ಲ ಅದೇ ಮಾತು. ಅಪ್ಪ ಪೇಪರ್ ಮಡಚಿಟ್ಟು ಕಣದ ಕಡೆ ಹೋದ. ಆ ವ್ಯಾಪಾರಿಯನ್ನ ಅವನು ಬೈದದ್ದು ನಾನು ಕೇಳಲಿಲ್ಲ. ಅವರಿಗೆ ಫೋನಿತ್ತು, ನಮಗಿರಲಿಲ್ಲ, ಅಷ್ಟೇ. ನನ್ನ ವಿಷಯ ಬೇರೆ, ನನಗೆ ಗೊತ್ತಿತ್ತು.

ನಮ್ಮ ಮನೆಗೆ ಡಿಶ್ ಬಂದದ್ದು 2005ರಲ್ಲಿ. ಹಿಂದಿನ ವರ್ಷದ ಡಿಸೆಂಬರಲ್ಲಿ ದೂರದರ್ಶನದವರು ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರು ಮಾಡಿದ್ರು, ಒಂದು ಸಲ ಖರ್ಚು, ತಿಂಗಳ ಬಾಡಿಗೆ ಇಲ್ಲ. ಸರ್ಕಾರದ್ದೇ ಚಾನೆಲ್, ಆದ್ರೆ ಬರ್ತಿದ್ದದ್ದು ನೆದರ್‌ಲ್ಯಾಂಡ್ಸ್ ಕಂಪನಿಯ ಎನ್‌ಎಸ್‌ಎಸ್-6 ಉಪಗ್ರಹದಿಂದ. ಚಂದನ ನೋಡೋಕೂ ಡಚ್ಚರ ದಾರಿ. ಆಮೇಲೆ ಅಮ್ಮನ ಧಾರಾವಾಹಿಗೆ ಅಂತ ದುಡ್ಡು ಕಟ್ಟೋ ಡಿಟಿಎಚ್ಚೂ ಬಂತು. ಹಳೇ ಡಿಶ್ ನನ್ನ ಆಟಕ್ಕೆ ಉಳೀತು. ಸಕಲೇಶಪುರದ ಗುಜರಿಯಿಂದ ನಾಲ್ಕಡಿಯದ್ದೂ ಒಂದು ತಂದೆ. ಹಾಸಿಗೆ ಮೇಲೆ ಕೂತು ಜಪಾನಿನ ಎನ್‌ಎಚ್‌ಕೆ ನೋಡಿದ ದಿನ ನಾನು ತೋಟಕ್ಕೇ ಹೋಗಲಿಲ್ಲ.

ಸಿಗದೇ ಇದ್ದದ್ದು ವಿಯೆಟ್ನಾಂ. ನಮ್ಮ ರೋಬಸ್ಟಾ ರೇಟು ತೀರ್ಮಾನ ಆಗೋದೇ ಅಲ್ಲಿಯ ಬೆಳೆ ಮೇಲೆ. 2008ರ ಏಪ್ರಿಲಲ್ಲಿ ಅವರು ವಿನಾಸ್ಯಾಟ್-1 ಹಾರಿಸಿದಾಗ ಆ ರೈತರ ಮುಖ ನೋಡಬೇಕು ಅನ್ನಿಸ್ತು. ಆದ್ರೆ ಅದು 132 ಡಿಗ್ರಿಯಲ್ಲಿ, ನಮಗೆ ಪೂರ್ವದಲ್ಲಿ ಬರೀ 25 ಡಿಗ್ರಿ ಮೇಲೆ. ಅಲ್ಲಿ ನಮ್ಮ ಗುಡ್ಡ, ಗುಡ್ಡದ ಮೇಲೆ ಇನ್ನೊಬ್ಬರ ಸಿಲ್ವರ್ ಮರ. ಎರಡು ಭಾನುವಾರ ಒದ್ದಾಡಿ ಬಿಟ್ಟೆ.

2010ರ ಜುಲೈ 7ಕ್ಕೆ ಇನ್ಸಾಟ್-4ಬಿಯಲ್ಲಿ ವಿದ್ಯುತ್ ತೊಂದರೆ ಆಗಿ ಅರ್ಧ ಟ್ರಾನ್ಸ್‌ಪಾಂಡರ್ ನಿಲ್ಲಿಸಬೇಕಾಯ್ತು. ನಮ್ಮ ಡಿಟಿಎಚ್‌ನವರು ಮಲೇಷ್ಯಾದ ಮೀಸ್ಯಾಟ್-3ಕ್ಕೆ ಹೋದ್ರು, 91.5 ಡಿಗ್ರಿ. ಡಿಶ್ ತಿರುಗಿಸಬೇಕು. ಮೆಕ್ಯಾನಿಕ್ಕು ಮಳೆಗೆ ಬರಲ್ಲ ಅಂದ. ನಾನೇ ಸ್ಪ್ಯಾನರ್ ಹಿಡಿದು ಹೆಂಚಿನ ಮೇಲೆ ಹತ್ತಿದೆ, ಅಪ್ಪ ಒಳಗೆ ಟಿವಿ ಮುಂದೆ. ಬೆರಳಗಲ ಬಲಕ್ಕೆ, ಕೂದಲೆಳೆ ಮೇಲಕ್ಕೆ. "ಬಂತು... ಹೋಯ್ತು... ಲೇ, ಬಂದಿತ್ತು ಕಣ್ಲಾ, ಯಾಕ್ ಅಲ್ಲಾಡ್ಸ್ದೆ!" ಒಂದು ಗಂಟೆ ಹೀಗೆ.

ಕೊನೆಗೆ ಚಿತ್ರ ನಿಂತಿತು. ಒದ್ದೆ ಬಟ್ಟೆಯಲ್ಲೇ ಒಲೆ ಹತ್ರ ಕೂತು ಕಾಫಿ ಕುಡೀತಾ ಎಲ್ಲ ಹೇಳಿಬಿಟ್ಟೆ. ಟ್ಯೂಷನ್ನು, ರೈಟರ್ರ ಮನೆ, ಕಪ್ಪಾದ ಎಲೆ. ಅಪ್ಪ ಒಲೆಗೆ ಸೌದೆ ಸರಿಸ್ತಾ ಕೇಳಿದ. ಬೈಯಲಿಲ್ಲ.

"ಇಪ್ಪತ್ತೆರಡು ಮೂಟೆ ಹೋಯ್ತು ನನ್ನಿಂದ" ಅಂದೆ.

"ಇಪ್ಪತ್ನಾಕು" ಅಂದ. ಎದ್ದು ದನ ಕಟ್ಟೋಕೆ ಹೋದ.

ಈಗ ಅಪ್ಪ ಇಲ್ಲ. ರೇಟು ಫೋನಿಗೇ ಬರುತ್ತೆ. 2024ರಲ್ಲಿ ವಿಯೆಟ್ನಾಂ ಬರದಿಂದ ರೋಬಸ್ಟಾ ಏರಿದಾಗ ಬೆಳಿಗ್ಗೆ ಎದ್ದ ಕೂಡಲೇ ಲಂಡನ್ ರೇಟು ನೋಡ್ತಿದ್ದೆ. ಜಾಲರಿ ಡಿಶ್ಶಿನ ಕೆಳಗೆ ಅಮ್ಮ ಕೋಳಿಮರಿ ಮುಚ್ಚಿದ್ದಾಳೆ, ಹದ್ದಿನ ಕಾಟಕ್ಕೆ.

ಸರಿಯಾದ ಕೊಂಬೆ ಇವತ್ತು ಮಧ್ಯಾಹ್ನ ಇಳೀತು, ಮೆಣಸಿನ ಬಳ್ಳಿಗೆ ಏನೂ ಆಗಲಿಲ್ಲ. ಸಂಜೆ ಗುಡುಗಿ ಒಂದು ಇಂಚು ಮಳೆ ಬಂತು. ಅಮ್ಮನ ಧಾರಾವಾಹಿ ಅರ್ಧಕ್ಕೇ ನಿಂತಿದೆ, ಕೊಂಬೆ ಕಡಿಸಿದ್ದು ದಂಡ ಅಂತ ನನಗೆ ಬೈತಿದ್ದಾಳೆ.