ಬಿದ್ದ ಮರದ ಕೆಲಸ

ಮಳೆಗಾಲದ ಕಾಡಿನಲ್ಲಿ ಬಿದ್ದಿರುವ ಮರದ ತುಂಡೊಂದನ್ನು ಎಂದಾದರೂ ಹೊರಳಿಸಿ ನೋಡಿದ್ದೀರಾ? ಐವತ್ತು ದಾಟುವವರೆಗೆ ನಾನಂತೂ ನೋಡಿರಲಿಲ್ಲ. ನೋಡಿದ್ದು ಕಪ್ಪತಗುಡ್ಡದಲ್ಲಿ, ಅದೂ ಒಂದು ತಪ್ಪು ಮಾಡಲು ಹೊರಟಾಗ.

ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಈ ಗುಡ್ಡಸಾಲು ನಿಮಗೆ ಅಪರಿಚಿತವಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ನಮ್ಮ ಸೀಮೆಯಲ್ಲಿ ಬೇಸಿಗೆಯಿಡೀ ಕಂದಾಗಿ ನಿಲ್ಲುವ ಗುಡ್ಡ, ಶ್ರಾವಣ ಬಂತೆಂದರೆ ಹಸಿರುಡುತ್ತದೆ. 2019ರಲ್ಲಿ ಸರ್ಕಾರ ಇದರ ಸುಮಾರು 244 ಚದರ ಕಿಲೋಮೀಟರ್ ಪ್ರದೇಶವನ್ನು ವನ್ಯಜೀವಿ ಧಾಮವೆಂದು ಘೋಷಿಸಿತು. ಅದಾದ ಮೇಲಿನ ಒಂದು ಆಗಸ್ಟ್ ತಿಂಗಳಲ್ಲಿ ಧರ್ಮಕೇಂದ್ರದ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಸಂಜೆ ಮರಳಿದ ಮೇಲೆ ದೇವಾಲಯದ ಅಂಗಳದಲ್ಲಿ ಬೆಂಕಿ ಹಾಕಿ ಸುತ್ತಲೂ ಕುಳಿತು ಹಾಡಬೇಕೆಂಬುದು ಮಕ್ಕಳ ಆಸೆ. ಕಾಲುದಾರಿಯ ಬದಿಯಲ್ಲಿ ಬಿದ್ದಿದ್ದ ಕೊರಡುಗಳನ್ನು ತೋರಿಸಿ, "ನಾಲ್ಕಾರು ಎತ್ತಿಕೊಳ್ಳಿ" ಎಂದೆ.

ಜೊತೆಗಿದ್ದ ಅರಣ್ಯ ಕಾವಲುಗಾರರು ತಡೆದರು. "ಬ್ಯಾಡ್ರಿ ಫಾದರ್. ಬಿದ್ದ ಕಟ್ಟಿಗಿನೂ ಅಡವೀದ ಐತ್ರಿ."

ಅಭಯಾರಣ್ಯಗಳಿಂದ ಸತ್ತ ಮರಗಳನ್ನಾಗಲಿ, ಗಾಳಿಗೆ ಉರುಳಿದ ಮರಗಳನ್ನಾಗಲಿ ಸಾಗಿಸಬಾರದೆಂದು ಸುಪ್ರೀಂ ಕೋರ್ಟ್ 2000ದ ಫೆಬ್ರವರಿಯಲ್ಲಿಯೇ ಆದೇಶಿಸಿದೆಯೆಂಬುದು ನನಗೆ ತಿಳಿದದ್ದು ಆಮೇಲೆ. ಆ ಕ್ಷಣದಲ್ಲಿ ನನಗೆ ಸಿಟ್ಟೇ ಬಂತು. "ಕೊಳೆತ ಕಟ್ಟಿಗೆ ಯಾರ ಉಪಯೋಗಕ್ಕೆ ಬಂದೀತು?" ಎಂದೆ.

ಅವರು ಮಾತಾಡಲಿಲ್ಲ. ಕುಕ್ಕರಗಾಲಿನಲ್ಲಿ ಕುಳಿತು ಒಂದು ಕೊರಡನ್ನು ಮೆಲ್ಲಗೆ ಹೊರಳಿಸಿದರು. ಅದರ ಅಡಿಭಾಗದಲ್ಲಿ ಸುಣ್ಣ ಬಳಿದಂತೆ ಬಿಳಿಯ ತೆಳು ಪದರವೊಂದು ಗೇಣುದ್ದಕ್ಕೂ ಅಂಟಿಕೊಂಡಿತ್ತು. ಲಕ್ಷ್ಮೇಶ್ವರದ ಕಡೆಯ ಹುಡುಗನೊಬ್ಬ ಉಗುರಿನಿಂದ ಕೆರೆದು, "ಫಾದರ್, ಗಾಯದ ಹಕ್ಕಳೆ ಇದ್ದಂಗ ಐತಿ" ಎಂದ.

ಅವನ ಮಾತು ಸರಿಯಾಗಿಯೇ ಇತ್ತು. ಅದು ಅಣಬೆಯ ಕುಲಕ್ಕೆ ಸೇರಿದ ಶಿಲೀಂಧ್ರ. ನಾವು ಬಲ್ಲ ನಾಯಿಕೊಡೆಯ ಹಾಗೆ ಇದಕ್ಕೆ ಕಾಂಡವಿಲ್ಲ, ಛತ್ರಿಯಿಲ್ಲ. ಮರಕ್ಕೆ ಹಕ್ಕಳೆಯಂತೆ ಅಂಟಿ, ತೇವ ಉಳಿಯುವ ಅಡಿಭಾಗದಲ್ಲಿಯೇ ಹೆಚ್ಚಾಗಿ ಹರಡುತ್ತದೆ. ಕಣ್ಣಿಗೆ ಕಾಣುವ ಆ ಪದರ ಬೀಜಕಣಗಳನ್ನು ಚೆಲ್ಲುವ ಭಾಗ ಮಾತ್ರ. ನಿಜವಾದ ಶರೀರ ಮರದ ಒಳಗಿರುತ್ತದೆ. ಬೆಟಗೇರಿಯ ಮಗ್ಗದ ನೂಲಿಗಿಂತ ಎಷ್ಟೋ ಪಟ್ಟು ಸಣ್ಣದಾದ ಎಳೆಗಳ ಬಲೆಯದು.

ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಅರಗಿಸುವ ಶಕ್ತಿ ಬಹುತೇಕ ಜೀವಿಗಳಿಗಿಲ್ಲ. ಇಂಥ ಅನೇಕ ಶಿಲೀಂಧ್ರಗಳಿಗೆ ಅದಿದೆ. ಅವು ಕಿಣ್ವಗಳನ್ನು ಸುರಿಸಿ ಮರವನ್ನು ಒಳಗಿನಿಂದ ಸಡಿಲಿಸುತ್ತವೆ. ಕೊರಡು ಬಿಳಿಚಿ, ನಾರುನಾರಾಗಿ, ಸ್ಪಂಜಿನಂತೆ ಮಳೆನೀರನ್ನು ಹಿಡಿದಿಡುತ್ತದೆ. ಮೆತ್ತಗಾದ ಮರಕ್ಕೆ ಗೆದ್ದಲು, ಜೀರುಂಡೆಯ ಮರಿ, ಸಹಸ್ರಪದಿಗಳು ಬರುತ್ತವೆ. ಮರ ತನ್ನ ಆಯುಷ್ಯವಿಡೀ ಕೂಡಿಟ್ಟ ಸತ್ವ ಮಣ್ಣಿಗಿಳಿದು ಮುಂದಿನ ಸಸಿಯ ಬೇರಿಗೆ ಸೇರುತ್ತದೆ. ಬೆಂಕಿ ಗಂಟೆಗಳಲ್ಲಿ ಮುಗಿಸುವುದನ್ನು ಶಿಲೀಂಧ್ರ ವರ್ಷಗಟ್ಟಲೆ ಮಾಡುತ್ತದೆ. ಆದರೆ ಬೆಂಕಿ ಉಳಿಸುವುದು ಗಾಳಿಗೆ ಹಾರುವ ಬೂದಿಯನ್ನು, ಶಿಲೀಂಧ್ರ ಉಳಿಸುವುದು ಮಣ್ಣನ್ನು.

ಓದುಗರೇ, "ಯಾರ ಉಪಯೋಗಕ್ಕೆ?" ಎಂಬ ನನ್ನ ಮಾತು ನನಗೇ ಚುಚ್ಚತೊಡಗಿತು. ಆ ಪ್ರಶ್ನೆಯನ್ನು ನಾನು ಮೊದಲೇ ಕೇಳಿದ್ದೆ, ಅಪ್ಪನ ಬಾಯಿಂದ.

ಅಪ್ಪ ಒಕ್ಕಲಿಗ. ಕೊನೆಯ ಎರಡು ವರ್ಷ ಹಾಸಿಗೆ ಹಿಡಿದಿದ್ದ. ಒಮ್ಮೆ ನಾನು ಊರಿಗೆ ಹೋದಾಗ, "ಈಗ ನಾ ಯಾತಕ್ಕ ಬರತೀನಿ ಹೇಳು? ಬಿದ್ದ ಗಿಡ. ಒಲಿಗೂ ಬರೂದಿಲ್ಲ" ಎಂದ. ಎಷ್ಟೋ ರೋಗಿಗಳ ಬಳಿ ಆಡಿ ಸವೆದಿದ್ದ ನಾಲ್ಕು ಸಾಂತ್ವನದ ಮಾತುಗಳನ್ನು ಅವನಿಗೂ ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಂದೆ. ಅವನು ಮತ್ತೆಂದೂ ಕೇಳಲಿಲ್ಲ.

ಅಂದು ನಾನು ಕಾಣದೇ ಹೋದದ್ದು ಬಹಳಷ್ಟಿತ್ತು. ಹೊಲದ ಬದುವಿಗಾಗಿ ಮಾತು ಬಿಟ್ಟಿದ್ದ ನನ್ನ ಇಬ್ಬರು ಅಣ್ಣಂದಿರು ಅವನನ್ನು ಎತ್ತಿ ಕೂರಿಸಲು ಮಂಚದ ಎರಡು ಬದಿಗೆ ನಿಲ್ಲಬೇಕಾಯಿತು. ನಿಂತು ನಿಂತು ಮಾತಾಡತೊಡಗಿದರು. ಯಾವ ಮಳೆಗೆ ಏನು ಬಿತ್ತಬೇಕೆಂಬುದನ್ನು ಮೊಮ್ಮಗ ಕಲಿತದ್ದು ಆ ಮಂಚದ ಪಕ್ಕದಲ್ಲಿಯೇ. ನಿಂತಿದ್ದಾಗ ಗಡಸಾಗಿದ್ದ ಅಪ್ಪ, ಬಿದ್ದ ಮೇಲೆ ಮೆತ್ತಗಾಗಿ ಮನೆಯವರಿಗೆಲ್ಲ ದಕ್ಕಿದ. ಅದನ್ನು ಅವನಿಗೆ ಹೇಳಬಹುದಾಗಿತ್ತು. ನಾನು ಹೇಳಲಿಲ್ಲ.

ಮನುಷ್ಯನ ನೋವು ಮರದ ನೋವಲ್ಲ, ಬಲ್ಲೆ. ಹಾಸಿಗೆ ಹಿಡಿದವರ ಕಷ್ಟವನ್ನು ಹೋಲಿಕೆಯೊಂದರಿಂದ ಹಗುರಗೊಳಿಸಲಾರೆ. ಆದರೂ ನಿಮ್ಮ ಮನೆಯಲ್ಲಿ ಅಂಥ ಮಂಚವೊಂದಿದ್ದರೆ, ಅಲ್ಲಿಂದ ನಿಮಗೇನು ಬರುತ್ತಿದೆಯೆಂದು ಒಮ್ಮೆ ಬಾಗಿ ನೋಡಿ; ನೋಡಿದ್ದನ್ನು ಅವರಿಗೆ ಕೇಳುವಂತೆ ಹೇಳಿ. ನನ್ನ ಹಾಗೆ ತಡಮಾಡಬೇಡಿ.

ಅಂದು ಸಂಜೆ ನಾವು ಬೆಂಕಿ ಹಾಕಲಿಲ್ಲ. ಗುಡ್ಡ ಇಳಿಯುವ ಮೊದಲು ಕಾವಲುಗಾರರು ಆ ಕೊರಡನ್ನು ಅದು ಮೊದಲಿದ್ದ ತೇವದ ಗುರುತಿನ ಮೇಲೆಯೇ ಮಗುಚಿ ಇಟ್ಟರು. "ಹೆಂಗಿತ್ತೋ ಹಂಗ ಇಡಬೇಕ್ರಿ," ಎಂದರು, "ಅದರ ಕೆಲಸ ಇನ್ನೂ ಮುಗಿದಿಲ್ಲ."